ಕೋಡಿಬಾಗದಿಂದ ಕೇಣಿಗೆ ಒಂದು ಪ್ಯಾಕೆಟ್ಟು

ಟಿವಿ ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೂಡುತ್ತಿವೆ. ಐಪಿ ವಿಳಾಸ ಸಿಕ್ಕಿದೆ. ಇಂಟರ್ನೆಟ್ ಸಂಪರ್ಕ ಸರಿಯಿದೆ. ಪ್ಲೇಸ್ಟೇಷನ್ ನೆಟ್‌ವರ್ಕಿಗೆ ಸೈನ್ ಇನ್ ಆಗಿದೆ. ಡೌನ್‌ಲೋಡ್ 48 ಎಂಬಿಪಿಎಸ್, ಅಪ್‌ಲೋಡ್ 19. ಕಡೆಯ ಸಾಲು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ: ನ್ಯಾಟ್ ಟೈಪ್ 3.

ಅಕ್ಕನ ಮಗ ಕಡೆಯ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಂಟ್ರೋಲರ್ ತುದಿಯಿಂದ ಮೇಲಿನ ಅಂಕಿ ತೋರಿಸಿ, "ಸ್ಪೀಡ್ ಇದ್ಯಲ್ಲ ಮಾವ. ಮತ್ಯಾಕೆ ಅವನ ಜೊತೆ ಆಡೂಕೆ ಆಗೂದಿಲ್ಲ?" ಎನ್ನುತ್ತಾನೆ.

ಮೇ ತಿಂಗಳ ಸಂಜೆ, ಏಳು ದಾಟಿದೆ. ಕಾರವಾರದ ಕೋಡಿಬಾಗದ ಈ ಮನೆಯ ಕಿಟಕಿ ತೆರೆದರೆ ಕಾಳಿ ನದಿಯ ಗಾಳಿ ನೇರ ಒಳಗೆ ಬರುತ್ತದೆ, ಆಚೆ ದಡದಲ್ಲಿ ಸದಾಶಿವಗಡದ ದೀಪಗಳು. ಅಕ್ಕ ಅಡುಗೆಮನೆಯಲ್ಲಿ ಬಂಗಡೆ ಹುರಿಯುತ್ತಿದ್ದಾಳೆ. ಭಾವ ಕೈಗಾದಲ್ಲಿ ಶಿಫ್ಟ್ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದಾರೆ. ಹಾಗಾಗಿ ಟಿವಿಗೆ ಸದ್ದಿಲ್ಲ, ಹುಡುಗನ ಕಿವಿಗೆ ಹೆಡ್‌ಸೆಟ್. ಅದರಲ್ಲಿ ಬರಬೇಕಾದ ದನಿಯೇ ಬರುತ್ತಿಲ್ಲ. ಅಂಕೋಲೆಯ ಕೇಣಿಯಲ್ಲಿರುವ ನನ್ನ ತಂಗಿಯ ಮಗನ ಹೆಸರು ಮಾತಿನ ಪಾರ್ಟಿಯಲ್ಲಿ ಕಾಣುತ್ತದೆ, ಮಾತು ಕೇಳುವುದಿಲ್ಲ. ಪಂದ್ಯಕ್ಕೆ ಕರೆದರೆ ಪರದೆಯ ಚಕ್ರ ಸುತ್ತಿ ಸುತ್ತಿ, ಸಂಪರ್ಕ ಆಗಲಿಲ್ಲ ಎಂದು ನಿಲ್ಲುತ್ತದೆ. ಹೆದ್ದಾರಿ 66ರಲ್ಲಿ ಇಬ್ಬರ ನಡುವೆ ಇರುವುದು ಸುಮಾರು 35 ಕಿಲೋಮೀಟರ್. ಇದೇ ಹುಡುಗ ಸಿಂಗಪುರದ ಸರ್ವರಿನಲ್ಲಿ ಮುಖ ನೋಡದವರ ಜೊತೆ ರಾತ್ರಿಯೆಲ್ಲ ಆಡಬಲ್ಲ; ಚಿಕ್ಕಮ್ಮನ ಮಗನ ಜೊತೆ ಆಗುತ್ತಿಲ್ಲ.

"ತಮ್ಮಾ, 100ರ ಪ್ಲಾನ್ ಹಾಕಿಸಿದ್ರೆ ಸರಿ ಆಗ್ತದಾ?" ಅಕ್ಕ ಒಲೆಯ ಮುಂದಿನಿಂದಲೇ ಕೇಳುತ್ತಾಳೆ.

ಬೇಡ ಎನ್ನುತ್ತೇನೆ. ಪಂದ್ಯ ನಡೆಯುವಾಗ ಹೋಗಿ ಬರುವ ಮಾಹಿತಿ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಮುಟ್ಟುವುದಿಲ್ಲ. ಚೆಂಡು ಎಲ್ಲಿದೆ, ಆಟಗಾರ ಯಾವ ಕಡೆ ತಿರುಗಿದ, ಯಾವ ಗುಂಡಿ ಒತ್ತಿದ ಎಂಬ ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳು, ಅಷ್ಟೇ. ಆಟದ ಫೈಲು ಇಳಿಸುವಾಗ ವೇಗ ಬೇಕು, ಆಡುವಾಗ ಅಲ್ಲ. ಆಟ ಸೇರದಿದ್ದರೆ ಪ್ಲಾನ್ ಏರಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಮನೆಯವರು ಅದನ್ನು ನಂಬಿ ತಿಂಗಳು ತಿಂಗಳು ಹೆಚ್ಚು ಹಣ ಕಟ್ಟುತ್ತಾರೆ. ನೆಟ್‌ವರ್ಕ್ ಕೆಲಸವೇ ನನ್ನ ಹೊಟ್ಟೆಪಾಡು. ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ.

ಹುಡುಗ ಸುಮ್ಮನೆ ಕೂತವನಲ್ಲ. ಯಾವುದೋ ವಿಡಿಯೊ ನೋಡಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿದ್ದಾನೆ. ಡಿಎನ್‌ಎಸ್ ಮಾಡುವುದು ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಕೆಲಸ. ಪಂದ್ಯ ಶುರುವಾದ ಮೇಲೆ ಅದನ್ನು ಕೇಳುವವರೇ ಇಲ್ಲ. ಅದು ಇದ್ದರೆ ಇರಲಿ. ನಮ್ಮ ಕೆಲಸ ಇರುವುದು ಅವನು ಓದದೆ ಬಿಟ್ಟ ಕಡೆಯ ಸಾಲಿನಲ್ಲಿ.

ಹಿಂದಿನ ಕಾಲದ ದೊಡ್ಡ ಮನೆಯೊಂದನ್ನು ನೆನೆಸಿಕೋ ಎಂದು ಅವನಿಗೆ ಹೇಳುತ್ತೇನೆ. ಒಳಗೆ ಹತ್ತಾರು ಜನ, ಹೊರಗೆ ಒಂದೇ ಮನೆ ನಂಬರು, ಜಗಲಿಯಲ್ಲಿ ಕೂತ ಅಜ್ಜ. ಒಳಗಿನವರು ಯಾರಾದರೂ ಹೊರಗಿನವರಿಗೆ ಹೇಳಿ ಕಳಿಸಿದರೆ ಅಜ್ಜ ಗುರುತಿಟ್ಟುಕೊಳ್ಳುತ್ತಾನೆ, ಉತ್ತರ ತಂದವನನ್ನು ಸರಿಯಾದ ಕೋಣೆಗೆ ಕಳಿಸುತ್ತಾನೆ. ಕರೆಯದೆ ಬಂದವನನ್ನು ಮೆಟ್ಟಿಲಿನಿಂದಲೇ ತಿರುಗಿಸಿ ಕಳಿಸುತ್ತಾನೆ. ನ್ಯಾಟ್ ಎಂದರೆ ಆ ಅಜ್ಜ. ಸಿಂಗಪುರದ ಸರ್ವರಿಗೆ ನೀನೇ ಮೊದಲು ಹೇಳಿ ಕಳಿಸುತ್ತೀಯ, ಉತ್ತರ ಸಲೀಸಾಗಿ ಒಳಗೆ ಬರುತ್ತದೆ. ಆದರೆ ಮಾತಿನ ಪಾರ್ಟಿಯಲ್ಲಿ, ಕೆಲವು ಆಟಗಳ ಪಂದ್ಯದಲ್ಲಿ, ಒಂದು ಕನ್ಸೋಲು ಇನ್ನೊಂದನ್ನು ನೇರ ಮುಟ್ಟಬೇಕು. ಕೇಣಿಯಿಂದ ಅವನದು ಬಂದು ನಿನ್ನ ಜಗಲಿ ಹತ್ತುತ್ತದೆ, ನಿನ್ನ ಅಜ್ಜ ಇವನ್ಯಾರೆಂದು ಕೇಳುತ್ತಾನೆ. ನಿನ್ನದು ಅಲ್ಲಿಗೆ ಹೋದರೆ ಅವನ ಅಜ್ಜನದೂ ಅದೇ ಪ್ರಶ್ನೆ.

ಈ ಏರ್ಪಾಡು ಬಂದದ್ದು ತಾತ್ಕಾಲಿಕವೆಂದೇ. 32 ಬಿಟ್‌ನ ಹಳೆಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ, ಅವು ಸಾಲವು ಎಂಬುದು ಗೊತ್ತಾದಾಗ 1994ರಲ್ಲಿ ನ್ಯಾಟ್ ವಿಧಾನವನ್ನು ಬರೆದಿಟ್ಟರು. ಮನೆಯೊಳಗಿನ ಸಾಧನಗಳಿಗೆ 192.168ರಿಂದ ಶುರುವಾಗುವ ಖಾಸಗಿ ವಿಳಾಸ, ಹೊರಗೆ ಎಲ್ಲರಿಗೂ ಸೇರಿ ಒಂದೇ ಸಾರ್ವಜನಿಕ ವಿಳಾಸ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಅದೇ ವರ್ಷದ ಏಪ್ರಿಲ್ 15ಕ್ಕೆ ನಮ್ಮ ಏಷ್ಯಾ ಪೆಸಿಫಿಕ್ ವಲಯದ ಎಪಿನಿಕ್ ಕೂಡ ಕಡೆಯ ಭಾಗಕ್ಕೆ ಬಂದು, ಅಳೆದು ಅಳೆದು ಕೊಡಲು ಶುರುಮಾಡಿತು. ತಾತ್ಕಾಲಿಕವೆಂದು ಬಂದದ್ದು ಇವತ್ತಿಗೂ ಪ್ರತಿ ಮನೆಯಲ್ಲಿದೆ.

ಅಜ್ಜ ಎಷ್ಟು ಬಿಗಿ ಎಂಬುದನ್ನು ಕನ್ಸೋಲುಗಳು ತಮ್ಮ ತಮ್ಮ ಭಾಷೆಯಲ್ಲಿ ಹೇಳುತ್ತವೆ. ಪ್ಲೇಸ್ಟೇಷನ್ನಿನಲ್ಲಿ ಟೈಪ್ 1, 2, 3; ರೂಟರಿನ ಹಿಂದಿರುವ ಕನ್ಸೋಲಿಗೆ ಬಾಗಿಲು ತೆರೆದಿದ್ದರೆ ಸಿಗುವುದು ಟೈಪ್ 2. ಎಕ್ಸ್‌ಬಾಕ್ಸಿನಲ್ಲಿ ಓಪನ್, ಮಾಡರೇಟ್, ಸ್ಟ್ರಿಕ್ಟ್. ನಿಂಟೆಂಡೊ ಸ್ವಿಚ್ಚಿನಲ್ಲಿ ಎ, ಬಿ, ಸಿ, ಡಿ, ಎಫ್. ತೆರೆದ ಮನೆ ಎಲ್ಲರ ಜೊತೆ ಕೂಡುತ್ತದೆ, ಬಿಗಿ ಮನೆ ತೆರೆದ ಮನೆಯ ಜೊತೆ ಮಾತ್ರ, ಎರಡೂ ಬಿಗಿಯಾದರೆ ಕೆಲಸ ಕೆಟ್ಟಿತು. ಈ ನಿಯಮದಲ್ಲಿ ಒಂದು ಅನುಕೂಲವಿದೆ: ಇಬ್ಬರಲ್ಲಿ ಒಬ್ಬರ ಬಾಗಿಲು ತೆರೆದರೂ ಇಬ್ಬರೂ ಸೇರಬಹುದು. ನಾವು ಕಾರವಾರದ ಬಾಗಿಲಿನಿಂದಲೇ ಶುರುಮಾಡುತ್ತೇವೆ.

ಟಿವಿಯ ಹಿಂದೆ ಕೈ ಹಾಕಿ ಕಪ್ಪು ರೂಟರನ್ನು ಹೊರತೆಗೆಯುತ್ತೇನೆ. ಮೂರು ಆಂಟೆನಾ, ಮೇಲೆ ಧೂಳು, ಗಾಳಿ ಆಡುವ ತೂತುಗಳಲ್ಲಿ ಸಣ್ಣ ಇರುವೆಗಳ ಸಾಲು. ಕನ್ಸೋಲಿಗೆ ಹೋಗುವ ಲ್ಯಾನ್ ಕೇಬಲ್ಲಿನ ತುದಿ ಬಿಡಿಸಿ ಮೊಬೈಲ್ ಬೆಳಕಿಗೆ ಹಿಡಿದರೆ ಎಂಟು ಪಿನ್ನುಗಳಲ್ಲಿ ಎರಡರ ಮೇಲೆ ಹಸಿರು ಕಿಲುಬು. ಸಮುದ್ರದ ದಂಡೆಯ ಮನೆಗಳಲ್ಲಿ ಉಪ್ಪುಗಾಳಿ ಮಾಡುವ ಕೆಲಸ ಇದು. ಚೀಲದಲ್ಲಿದ್ದ ಹೊಸ ಕೇಬಲ್ಲನ್ನೇ ಕನ್ಸೋಲಿಗೆ ಸಿಕ್ಕಿಸುತ್ತೇನೆ; ಹಳೆಯದನ್ನು ಒರೆಸಿ ಮತ್ತೆ ಸಿಕ್ಕಿಸುವ ಗೋಜು ಬೇಡ. ರೂಟರನ್ನು ಬೋರಲು ಹಾಕಿದರೆ ತಳದ ಚೀಟಿಯಲ್ಲಿ 192.168.0.1, ಅದರ ಕೆಳಗೆ ಅಡ್ಮಿನ್, ಪಾಸ್‌ವರ್ಡ್ ಜಾಗದಲ್ಲೂ ಅಡ್ಮಿನ್.

ಲ್ಯಾಪ್‌ಟಾಪಿನಲ್ಲಿ ಆ ವಿಳಾಸ ಹೊಡೆದರೆ ಬಾಗಿಲು ತಟ್ಟನೆ ತೆರೆಯುತ್ತದೆ. ಪಾಸ್‌ವರ್ಡನ್ನು ಯಾರೂ ಬದಲಿಸಿಯೇ ಇಲ್ಲ. ಆಟದ ಮಾತು ಆಮೇಲೆ, ಮೊದಲು ಇದು. ಹುಡುಗನಿಗೆ ಮೈನ್‌ಕ್ರಾಫ್ಟ್ ಅಂದರೆ ಪ್ರಾಣ, ಹಾಗಾಗಿ ಮಿರಾಯ್ ಕಥೆ ಹೇಳುತ್ತೇನೆ. 2016ರಲ್ಲಿ ಅಮೆರಿಕದ ಮೂವರು ತರುಣರು ಒಂದು ಹುಳು ಬರೆದರು. ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದೆ ಬಿಟ್ಟ ಕ್ಯಾಮೆರಾ, ರೂಟರುಗಳನ್ನು ಹುಡುಕಿ ಒಳಹೊಕ್ಕು ಅವನ್ನೆಲ್ಲ ಒಂದು ಸೇನೆ ಮಾಡಿಕೊಳ್ಳುವುದು ಅದರ ಕೆಲಸ. ಅವರ ಕಣ್ಣಿದ್ದದ್ದು ಮೈನ್‌ಕ್ರಾಫ್ಟ್ ಸರ್ವರುಗಳ ಮೇಲೆ. ಆ ಕೋಡು ಬೇರೆಯವರ ಕೈಗೂ ಸೇರಿತು. ಅಕ್ಟೋಬರ್ 21ರಂದು ಅಂಥದೇ ಸೇನೆ, ಹಲವು ತಾಣಗಳಿಗೆ ಡಿಎನ್‌ಎಸ್ ಕೊಡುತ್ತಿದ್ದ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದಾದವು.

"ನಮ್ಮ ಮನೆ ರೂಟರನ್ನೂ ಹಾಗೆ ಮಾಡೂಕೆ ಆಗ್ತದಾ?"

ಆಗುತ್ತದೆ. ಅವನೇ ಉದ್ದನೆಯ ಹೊಸ ಪಾಸ್‌ವರ್ಡ್ ಹಾಕುತ್ತಾನೆ, ಅಕ್ಕನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತಾನೆ.

ಈಗ ಸ್ಥಿತಿ ತೋರಿಸುವ ಪುಟ. ವ್ಯಾನ್ ಐಪಿ ಎಂಬಲ್ಲಿ 192.168.1.7 ಎಂದಿದೆ. ಬೆರಳಿಟ್ಟು ತೋರಿಸುತ್ತೇನೆ. ವ್ಯಾನ್ ಎಂದರೆ ಈ ಪೆಟ್ಟಿಗೆಯ ಬೀದಿ ಕಡೆಯ ಮುಖ. ಅಲ್ಲಿ ಸಾರ್ವಜನಿಕ ವಿಳಾಸ ಇರಬೇಕಿತ್ತು, ಇರುವುದು ಮತ್ತೊಂದು ಮನೆಯೊಳಗಿನ ವಿಳಾಸ. ಅಂದರೆ ಈ ಅಜ್ಜನ ಆಚೆಗೆ ಇನ್ನೊಬ್ಬ ಅಜ್ಜ ಕೂತಿದ್ದಾನೆ.

ಅವನು ಅಡುಗೆಮನೆಯ ಬಾಗಿಲ ಮೇಲಿನ ಹಲಗೆಯಲ್ಲಿದ್ದಾನೆ. ಫೈಬರ್ ಜೋಡಿಸಿದವರು ಇಟ್ಟುಹೋದ ಬಿಳಿ ಪೆಟ್ಟಿಗೆ, ಹೊಗೆ ಹಿಡಿದು ಹಳದಿಯಾಗಿದೆ. ಹಸಿರು ತಲೆಯ ಕನೆಕ್ಟರಿನಿಂದ ಗಾಜಿನ ಎಳೆ ಅದರೊಳಗೆ ಹೋಗುತ್ತದೆ. ಹುಡುಗ ಆ ತಲೆ ಬಿಚ್ಚಿ ಒಳಗೆ ಇಣುಕಲು ಹೊರಟಾಗ ಕೈ ಹಿಡಿಯುತ್ತೇನೆ. ಒಳಬರುವ ಬೆಳಕು 1490 ನ್ಯಾನೊಮೀಟರಿನದು, ಕಣ್ಣಿಗೆ ಕಾಣುವುದಿಲ್ಲ, ಕಾಣದ ಲೇಸರಿಗೆ ಕಣ್ಣು ಕೊಡಬಾರದು. ಬಿಳಿ ಪೆಟ್ಟಿಗೆ ತಾನೇ ಒಂದು ರೂಟರ್. ಒಳಕೋಣೆಗೆ ಸಿಗ್ನಲ್ ಬರುತ್ತಿಲ್ಲವೆಂದು ಭಾವ ಆಮೇಲೆ ಕಪ್ಪು ಪೆಟ್ಟಿಗೆ ಕೊಂಡರು, ಅದೂ ರೂಟರಾಗಿಯೇ ಕೆಲಸಕ್ಕೆ ಕೂತಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಚಿರೇಕಲ್ಲಿನ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೋಲುತ್ತದೆ, 5 ಗಿಗಾಹರ್ಟ್ಸಿನದು 2.4ಕ್ಕಿಂತ ಬೇಗ ಸೋಲುತ್ತದೆ. ಎರಡನೆಯ ಪೆಟ್ಟಿಗೆ ತರುವುದು ತಪ್ಪಲ್ಲ. ಅದು ಎರಡನೆಯ ಯಜಮಾನನಾಗಬಾರದು, ಅಷ್ಟೇ.

ಕಪ್ಪು ರೂಟರಿನ ಪುಟದಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ರೂಟರ್ ಅನ್ನು ಬಿಟ್ಟು ಆಕ್ಸೆಸ್ ಪಾಯಿಂಟ್ ಆರಿಸುತ್ತೇನೆ. ಇಂಥ ಆಯ್ಕೆಯೇ ಇಲ್ಲದ ಹಳೆಯ ಪೆಟ್ಟಿಗೆಯಾದರೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ವಿಳಾಸ ಮೊದಲ ಪೆಟ್ಟಿಗೆಯ ವಿಳಾಸಕ್ಕೆ ಡಿಕ್ಕಿ ಹೊಡೆಯದಂತೆ ಬದಲಿಸಿ, ಕೇಬಲ್ಲನ್ನು ವ್ಯಾನ್ ತೂತಿನಿಂದ ಲ್ಯಾನ್ ತೂತಿಗೆ ಸಿಕ್ಕಿಸಿದರೂ ಅದೇ ಫಲ. ಕಪ್ಪು ಪೆಟ್ಟಿಗೆಯ ದೀಪಗಳೆಲ್ಲ ಆರುತ್ತವೆ. ಮನೆಯ ಫೋನುಗಳೆಲ್ಲ ಒಮ್ಮೆಲೇ ನೆಟ್ ಕಳೆದುಕೊಳ್ಳುತ್ತವೆ. "ಹೋಯ್ತು!" ಅಕ್ಕನ ದನಿ, ಅವಳ ಧಾರಾವಾಹಿ ಅರ್ಧಕ್ಕೆ ನಿಂತಿದೆ. ಒಂದೆರಡು ನಿಮಿಷದಲ್ಲಿ ದೀಪಗಳು ಮರಳುತ್ತವೆ.

ಇನ್ನು ಬಿಳಿ ಪೆಟ್ಟಿಗೆಯ ಪುಟ. ಮೊದಲು ಬೆಳಕಿನ ಬಲ ನೋಡುತ್ತೇನೆ: ಮೈನಸ್ 21 ಡಿಬಿಎಂ. ಮೈನಸ್ 8ರಿಂದ ಮೈನಸ್ 27ರ ಒಳಗಿದ್ದರೆ ಚಿಂತೆಯಿಲ್ಲ. ವ್ಯಾನ್ ವಿಳಾಸ 192ರಿಂದಲೂ ಅಲ್ಲ, 10ರಿಂದಲೂ ಅಲ್ಲ, 100ರಿಂದಲೂ ಅಲ್ಲ. ನನ್ನ ಐಪಿ ಎಷ್ಟೆಂದು ತೋರಿಸುವ ಪುಟವೊಂದನ್ನು ಹುಡುಗ ಮೊಬೈಲಿನಲ್ಲಿ ತೆರೆದು ಓದುತ್ತಾನೆ. ಒಂದೊಂದು ಅಂಕಿಯೂ ಹೊಂದುತ್ತದೆ. ಈ ಮನೆಗೆ ತನ್ನದೇ ಸಾರ್ವಜನಿಕ ವಿಳಾಸವಿದೆ, ಅರ್ಧ ಗೆದ್ದಂತೆ.

ಪ್ಲೇಸ್ಟೇಷನ್ನಿನ ಮ್ಯಾಕ್ ವಿಳಾಸ ಬರೆದುಕೊಂಡು ಅದಕ್ಕೆ 192.168.1.50 ಅನ್ನು ಕಾಯ್ದಿರಿಸುತ್ತೇನೆ. ಇನ್ನು ಮೇಲೆ ಯಾವಾಗ ಆನ್ ಮಾಡಿದರೂ ಅದಕ್ಕೆ ಅದೇ ಕೋಣೆ. ಆಮೇಲೆ ಪೋರ್ಟ್ ಫಾರ್ವರ್ಡಿಂಗ್. ಟಿಸಿಪಿ 1935, 3478ರಿಂದ 3480. ಯುಡಿಪಿ 3074, 3478, 3479. ಹುಡುಗ ಅಂಕಿ ಓದುತ್ತಾನೆ, ನಾನು ತುಂಬುತ್ತೇನೆ. ಈ ನಂಬರು ಕೇಳಿ ಬಂದವನನ್ನು ನೇರ ಐವತ್ತನೆಯ ಕೋಣೆಗೆ ಬಿಡು ಎಂದು ಅಜ್ಜನಿಗೆ ಕೊಡುವ ಸೂಚನೆ ಇದು.

"ಯುಪಿಎನ್‌ಪಿ ಆನ್ ಮಾಡಿದ್ರೆ ಇದೆಲ್ಲ ಬೇಡ ಅಂತಾರಲ್ಲ ಮಾವ?"

ಹೌದು, ಆಗ ಕನ್ಸೋಲು ತಾನೇ ರೂಟರಿಗೆ ಹೇಳಿ ಬೇಕಾದ ಪೋರ್ಟು ತೆರೆಸಿಕೊಳ್ಳುತ್ತದೆ. ಅದೇ ಮನೆಯಲ್ಲಿರುವ ಅಗ್ಗದ ಕ್ಯಾಮೆರಾವೂ ಹಾಗೇ ತೆರೆಸಿಕೊಳ್ಳಬಲ್ಲದು, ಯಾರನ್ನೂ ಕೇಳದೆ. 2013ರ ಜನವರಿಯಲ್ಲಿ ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ ಹುಡುಕಿದಾಗ ಯುಪಿಎನ್‌ಪಿ ದೋಷಗಳಿಂದ ಹೊರಗಿನವರ ಕೈಗೆ ಸಿಗುವಂತಿದ್ದ ಸಾಧನಗಳು 4ರಿಂದ 5 ಕೋಟಿ. ಮನೆಯಲ್ಲಿ ಎರಡು ಕನ್ಸೋಲು ಇದ್ದು ಎರಡಕ್ಕೂ 3074 ಬೇಕಾದರೆ ಯುಪಿಎನ್‌ಪಿಯೇ ಸುಲಭದ ದಾರಿ. ಒಂದೇ ಇದ್ದರೆ ಕೈಯಾರೆ ತೆರೆಯುವುದೇ ಮೇಲು ಎನ್ನುವವನು ನಾನು. ಡಿಎಂಝಡ್‌ಗೆ ಹಾಕಿಬಿಡಿ ಎನ್ನುವವರೂ ಇದ್ದಾರೆ, ಅದು ಆ ಸಾಧನಕ್ಕೆ ಬಾಗಿಲನ್ನೇ ಕಿತ್ತುಹಾಕಿದ ಹಾಗೆ. ಬೇಡ.

ಪರೀಕ್ಷೆ ಮತ್ತೆ ಓಡುತ್ತದೆ. ಈ ಸಲ ಹುಡುಗ ಕಡೆಯ ಸಾಲಿನಿಂದ ಕಣ್ಣು ಕೀಳುವುದಿಲ್ಲ. ಟೈಪ್ 2.

ಮಂಚದಿಂದ ಎದ್ದ ಭಾವನಿಗೂ ಕೇಳುವಂತೆ ಕೂಗುತ್ತಾನೆ. ಕೇಣಿಯವನಿಗೆ ಕರೆ ಹೋಗುತ್ತದೆ, ಅಲ್ಲಿ ಏನೂ ಬದಲಾಗಿಲ್ಲ, ಅವನದು ಈಗಲೂ ಟೈಪ್ 3. ಹೆಡ್‌ಸೆಟ್ಟಿನಲ್ಲಿ ಕರಕರ ಸದ್ದು, ಆಮೇಲೆ "ಹೋಯ್, ಕೇಳ್ತದಾ?" ಎಂಬ ಅಂಕೋಲೆಯ ದನಿ ಪಕ್ಕದಲ್ಲಿರುವ ನನಗೂ ಕೇಳಿಸುತ್ತದೆ. ಫುಟ್‌ಬಾಲ್ ಶುರುವಾಗುತ್ತದೆ.

ಹತ್ತು ನಿಮಿಷವೂ ಆಗಿಲ್ಲ, ಆಟಗಾರರು ಇದ್ದಲ್ಲೇ ಓಡಲು ಹಿಡಿಯುತ್ತಾರೆ. ಚೆಂಡು ಮಾಯವಾಗಿ ಗೋಲಿನ ಬಳಿ ಹುಟ್ಟುತ್ತದೆ. ಲ್ಯಾಪ್‌ಟಾಪಿನಲ್ಲಿ, ಪ್ಯಾಕೆಟ್ಟು ಹೋಗಿ ಬರುವ ಹೊತ್ತು ಅಳೆಯುವ ಎರಡು ಪಿಂಗ್ ಓಡಿಸುತ್ತೇನೆ, ಒಂದು ಮನೆಯ ರೂಟರಿಗೆ, ಒಂದು ಹೊರಗೆ. ರೂಟರಿನವರೆಗೆ 1 ಮಿಲಿಸೆಕೆಂಡ್. ಹೊರಗಿನದು 30 ಇದ್ದದ್ದು 400ಕ್ಕೆ ಏರಿದೆ. ಮನೆಯೊಳಗಿನ ದಾರಿ ಚೊಕ್ಕ, ಹೊರಗೆ ಹೋಗುವಲ್ಲಿ ಸಂತೆ. ಏನಾಗಿದೆ ಎಂದರೆ ಭಾವ ಎದ್ದು ಫೋನನ್ನು ಚಾರ್ಜಿಗಿಟ್ಟಿದ್ದಾರೆ, ಅದು ವಾರದ ಫೋಟೊ ವಿಡಿಯೊಗಳನ್ನೆಲ್ಲ ಮೇಲೆ ಕಳಿಸಲು ಶುರುಮಾಡಿದೆ. 19 ಎಂಬಿಪಿಎಸ್‌ನ ಅಪ್‌ಲೋಡ್ ತುಂಬಿತು, ರೂಟರು ಬಂದದ್ದನ್ನೆಲ್ಲ ಎಸೆಯದೆ ಸಾಲಿನಲ್ಲಿ ನಿಲ್ಲಿಸಿತು, ಆಟದ ಪುಟ್ಟ ಪ್ಯಾಕೆಟ್ಟು ಆ ಸಾಲಿನ ಬಾಲದಲ್ಲಿ ನಿಂತಿತು. ಇದಕ್ಕೆ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಅವರೂ ಇದನ್ನು ಪತ್ತೆ ಹಚ್ಚಿದ್ದು ತಮ್ಮ ಮನೆಯ ಸಂಪರ್ಕದಲ್ಲೇ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ ಮದ್ದು ಬರೆದರು: ಸಾಲಿನಲ್ಲಿ ಪ್ಯಾಕೆಟ್ಟು ಎಷ್ಟು ಹೊತ್ತು ಕಾದಿತು ಎಂಬುದನ್ನೇ ಅಳೆದು, ಮಿತಿ ಮೀರಿದರೆ ಒಂದನ್ನು ಬೀಳಿಸುವುದು, ಆಗ ಕಳಿಸುವವನು ತಾನೇ ವೇಗ ಇಳಿಸುತ್ತಾನೆ.

ಆ ಮದ್ದು ಇರುವ ರೂಟರು ಈ ಮನೆಯದಲ್ಲ. ಬಿಳಿ ಪೆಟ್ಟಿಗೆಯಲ್ಲಿ ಕ್ಯೂಒಎಸ್ ಎಂಬ ಪುಟ ಮಾತ್ರ ಇದೆ. ಅಲ್ಲಿ ಮನೆಯ ಒಟ್ಟು ಅಪ್‌ಲೋಡಿಗೆ 16 ಎಂಬಿಪಿಎಸ್‌ನ ಮಿತಿ ಹಾಕುತ್ತೇನೆ, 192.168.1.50ಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ವೇಗವನ್ನು ಬೇಕೆಂದೇ ಸ್ವಲ್ಪ ಬಿಟ್ಟುಕೊಟ್ಟರೆ ಸಾಲು ಕಟ್ಟುವುದಿಲ್ಲ. ಫೋಟೊ ಹೋಗುತ್ತಿರುವಾಗಲೇ ಹೊರಗಿನ ಪಿಂಗ್ 38ಕ್ಕೆ ಇಳಿದು ನಿಲ್ಲುತ್ತದೆ. ಭಾವನ ಫೋನಿನ ಬ್ಯಾಕಪ್ಪನ್ನು ರಾತ್ರಿಗೆ ಹಾಕಿಕೊಳ್ಳಲು ಅವರೇ ಒಪ್ಪುತ್ತಾರೆ. ನನ್ನ ಲೆಕ್ಕದಲ್ಲಿ ದುಬಾರಿ ಗೇಮಿಂಗ್ ರೂಟರಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕನ್ಸೋಲಿಗೆ ಸಿಕ್ಕಿಸಿದ ಹೊಸ ಕ್ಯಾಟ್ 6 ಕೇಬಲ್ಲನ್ನು ಗೋಡೆಯಂಚಿಗೆ ಎಳೆದು ಕೂರಿಸುತ್ತೇನೆ. ವೈಫೈ ಎಷ್ಟೇ ಚೆನ್ನಾಗಿದ್ದರೂ ಪಕ್ಕದ ಮನೆಯವರ ಜೊತೆ ಗಾಳಿ ಹಂಚಿಕೊಳ್ಳುವಂಥದು, ತಂತಿ ಹಾಗಲ್ಲ.

ಮರುದಿನ ಹೊಳಪು ಬಿಸಿಲಿನಲ್ಲಿ ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಹಟ್ಟಿಕೇರಿಯ ಟೋಲ್ ಕಳೆದು ಅಂಕೋಲೆ. ಕೇಣಿಯ ಮನೆ ತಲುಪುವ ಹೊತ್ತಿಗೆ ಪೂರ್ವಕ್ಕೆ ಘಟ್ಟದ ಕಡೆ ಮೋಡ ಕಟ್ಟಿದೆ. ತಂಗಿ ಕರಿ ಈಶಾಡು ಮಾವಿನಹಣ್ಣು ಹೆಚ್ಚಿ ಮುಂದಿಡುತ್ತಾಳೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಈ ಹಣ್ಣಿನ ಎದುರು ಯಾವ ರೂಟರನ್ನೂ ಕೂಡಲೇ ಮುಟ್ಟಲು ಮನಸ್ಸು ಬರುವುದಿಲ್ಲ. ಆದರೆ ಹುಡುಗನಿಗೆ ತಡೆಯಲಾಗದು. ಕಾರವಾರದವನ ಜೊತೆ ಆಡಬಹುದು ಸರಿ, ಕುಮಟೆಯ ಗೆಳೆಯನದೂ ಟೈಪ್ 3, ಅವನ ಜೊತೆ ಈಗಲೂ ಆಗುವುದಿಲ್ಲ.

"ನಾನೂ ಪೋರ್ಟ್ ಎಲ್ಲ ಹಾಕಿ ನೋಡಿದೆ ಮಾವ, ಎಂತ ಮಾಡಿದ್ರೂ ಆಗೂದಿಲ್ಲ."

ಅವನು ಹಾಕಿದ್ದೆಲ್ಲ ಸರಿಯಾಗಿದೆ. ಅಂಕಿ ತಪ್ಪಿಲ್ಲ, ಕಾಯ್ದಿರಿಸಿದ ವಿಳಾಸವೂ ಸರಿ, ಮನೆಯಲ್ಲಿರುವುದು ಒಂದೇ ಪೆಟ್ಟಿಗೆ. ವ್ಯಾನ್ ಐಪಿ ನೋಡಿದರೆ 100.72ರಿಂದ ಶುರು. ಮೊಬೈಲಿನಲ್ಲಿ ಕಾಣುವ ಹೊರಗಿನ ವಿಳಾಸ ಬೇರೆಯೇ. ಇಲ್ಲಿ ಎರಡನೆಯ ಅಜ್ಜ ಮನೆಯಲ್ಲಿಲ್ಲ, ಕೇಬಲ್ಲಿನವರ ಆಫೀಸಿನಲ್ಲಿ ಕೂತಿದ್ದಾನೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರ ಏಪ್ರಿಲ್‌ನಲ್ಲಿ ಇದಕ್ಕೆಂದೇ ಎತ್ತಿಟ್ಟರು. ಸಾರ್ವಜನಿಕ ವಿಳಾಸ ಸಾಲದ ಸೇವೆದಾರರು ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂರಿಸುತ್ತಾರೆ. ಸಿಜಿನ್ಯಾಟ್ ಎನ್ನುತ್ತಾರೆ ಅದಕ್ಕೆ. ಈ ಮನೆಯ ರೂಟರಿನಲ್ಲಿ ಎಷ್ಟು ಪೋರ್ಟು ತೆರೆದರೂ ಆಚೆಯ ಪೆಟ್ಟಿಗೆಗೆ ಅದರ ಸುದ್ದಿಯೇ ಹೋಗುವುದಿಲ್ಲ. ಹುಡುಗ ಇಷ್ಟು ದಿನ ರಾತ್ರಿ ಕೂತು ತನ್ನಲ್ಲೇ ತಪ್ಪು ಹುಡುಕಿದ್ದಾನೆ. ಅವನ ತಪ್ಪೇನೂ ಇರಲಿಲ್ಲ ಎಂದು ಹೇಳುವಾಗ ನನಗೆ ಸಿಟ್ಟೇ ಬರುತ್ತದೆ. ಸಂಪರ್ಕ ಕೊಡುವಾಗ ರಶೀದಿಯ ಮೇಲೆ ವೇಗ ಬರೆಯುತ್ತಾರೆ, ತಿಂಗಳ ಬಾಡಿಗೆ ಬರೆಯುತ್ತಾರೆ. ನಿಮಗೆ ಸಿಗುವುದು ಸ್ವಂತ ವಿಳಾಸವೋ ಹಂಚಿಕೊಂಡದ್ದೋ ಎಂಬ ಒಂದು ಸಾಲನ್ನೂ ಬರೆಯಬೇಕು. ಹಣ ಕೊಡುವವನಿಗೆ ಅದು ಗೊತ್ತಿರಬೇಕಾದ ಮಾತು.

ತಂಗಿ ಆಪರೇಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕುತ್ತಾಳೆ. "ಪಬ್ಲಿಕ್ ಐಪಿ ಸಿಗ್ತದಾ?" ಎಂದು ನಾನು ಹೇಳಿಕೊಟ್ಟಂತೆಯೇ ಕೇಳುತ್ತಾಳೆ. ಆ ಕಡೆಯವರು ತಡವರಿಸುವುದಿಲ್ಲ. "ಸಿಗ್ತದೆ ಅಕ್ಕ, ತಿಂಗಳಿಗೆ ಸ್ವಲ್ಪ ಹೆಚ್ಚಿಗೆ ಆಗ್ತದೆ. ಇಲ್ಲಿವರೆಗೆ ಯಾರೂ ಕೇಳ್ಲೇ ಇಲ್ಲ." ಸಂಜೆಯೊಳಗೆ ಹಾಕಿಕೊಡುತ್ತೇನೆ ಎನ್ನುತ್ತಾರೆ. ಐಪಿವಿ6 ಕೊಡುತ್ತೀರಾ ಎಂದು ನಾನೂ ಒಂದು ಮಾತು ಸೇರಿಸುತ್ತೇನೆ. 128 ಬಿಟ್‌ನ ಆ ಹೊಸ ವಿಳಾಸಗಳಿಗೆ ಕೊರತೆಯಿಲ್ಲ, ಪ್ರತಿ ಸಾಧನಕ್ಕೂ ತನ್ನದೇ ಒಂದು, ನ್ಯಾಟ್ ಬೇಕೇ ಆಗುವುದಿಲ್ಲ. ಭಾರತದ ಮೊಬೈಲ್ ಜಾಲಗಳು ಅದರಲ್ಲಿ ಜಗತ್ತಿನ ಮುಂಚೂಣಿಯಲ್ಲಿವೆ. ತಂಗಿಯ ಫೋನಿನಲ್ಲಿ ಅದು ಆಗಲೇ ಇದೆ, ಮನೆಯ ಫೈಬರಿನಲ್ಲಿಲ್ಲ. "ಅದು ಇನ್ನೂ ಶುರು ಮಾಡ್ಲಿಲ್ಲ" ಎಂಬ ಉತ್ತರ. ಎಲ್ಲ ಆಟಗಳೂ ಅದನ್ನು ಬಳಸುವುದಿಲ್ಲ ನಿಜ. ಬಳಸುವ ದಿನಕ್ಕೆ ದಾರಿ ಸಿದ್ಧ ಇರಬೇಕು.

ಮಧ್ಯಾಹ್ನ ದಾಟುತ್ತಿದ್ದಂತೆ ಗುಡುಗು ಹತ್ತಿರ ಬರುತ್ತದೆ. ತಂಗಿ ಯಾರಿಗೂ ಕೇಳದೆ ಟಿವಿ, ಕನ್ಸೋಲು, ರೂಟರು ಎಲ್ಲದರ ಪ್ಲಗ್ಗು ಕಿತ್ತಿಡುತ್ತಾಳೆ. ಅವಳು ಮಾಡಿದ್ದೇ ಸರಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಕರೆಂಟಿನ ತಂತಿಯಲ್ಲಿ, ತಾಮ್ರದ ಲ್ಯಾನ್ ಕೇಬಲ್ಲಿನಲ್ಲಿ ಅದರ ಪೆಟ್ಟು ಹರಿಯುತ್ತದೆ. ಮಳೆ ಒಂದು ಗಂಟೆ ಹೊಡೆದು ನಿಲ್ಲುತ್ತದೆ, ಕರೆಂಟು ಹೋಗಿ ಬರುತ್ತದೆ.

ಸಂಜೆ ಪೆಟ್ಟಿಗೆ ಮತ್ತೆ ಆನ್ ಮಾಡಿದಾಗ ವ್ಯಾನ್ ವಿಳಾಸ 100ರಿಂದ ಶುರುವಾಗುವುದಿಲ್ಲ. ಹುಡುಗ ಮೊದಲೇ ಹಾಕಿಟ್ಟಿದ್ದ ಪೋರ್ಟುಗಳು ಒಂದಕ್ಷರ ಬದಲಿಸದೆ ಕೆಲಸಕ್ಕೆ ನಿಲ್ಲುತ್ತವೆ. ಟೈಪ್ 2. ಕುಮಟೆಯವನು ಸೇರುತ್ತಾನೆ, ಕೋಡಿಬಾಗದವನು ಸೇರುತ್ತಾನೆ, ಮೂವರ ಮಾತೂ ಒಟ್ಟಿಗೇ ಬಂದು ಯಾರದೂ ಅರ್ಥವಾಗುವುದಿಲ್ಲ.

ಅವರು ತಂಡ ಆರಿಸುವಷ್ಟರಲ್ಲಿ ನಾನು ಲ್ಯಾಪ್‌ಟಾಪಿನಿಂದ ಅಕ್ಕನ ಮನೆಯ ವಿಳಾಸಕ್ಕೆ ದಾರಿ ಕೇಳುವ ಟ್ರೇಸ್‌ರೂಟ್ ಓಡಿಸುತ್ತೇನೆ. ಮೊದಲ ಸಾಲು ಈ ಮನೆ. ಆಮೇಲೆ ಆಪರೇಟರಿನದು, ಆಮೇಲೆ ದೊಡ್ಡ ಜಾಲದವರದು, ನಡುವಿನ ಒಂದು ಹೆಸರಿನಲ್ಲಿ ಮುಂಬಯಿಯ ಗುರುತು. ಅಲ್ಲಿಂದ ಇನ್ನೊಂದು ಕಂಪನಿ, ಕೊನೆಗೆ ಕೋಡಿಬಾಗ. 41 ಮಿಲಿಸೆಕೆಂಡ್. ಹುಡುಗ ಇಣುಕಿ ನೋಡುತ್ತಾನೆ.

"ಇಲ್ಲಿಂದ ಕಾರವಾರಕ್ಕೆ ಮುಂಬಯಿ ಮೇಲೆ ಎಂತಕ್ಕೆ ಹೋಗೂದು?"

ಗಾಜಿನಲ್ಲಿ ಬೆಳಕು ಕಿಲೋಮೀಟರಿಗೆ 5 ಮೈಕ್ರೊಸೆಕೆಂಡಿನಂತೆ ಓಡುತ್ತದೆ. ನೇರ ಹೋದರೆ 35 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡಿನ ಐದನೆಯ ಒಂದು ಭಾಗವೂ ಬೇಡ. ಆದರೆ ನಿನ್ನ ಮನೆಗೆ ಬಂದ ಎಳೆ ಒಂದು ಕಂಪನಿಯದು, ಅವನ ಮನೆಯದು ಮತ್ತೊಂದರದು. ಅವೆರಡೂ ಕೈ ಕುಲುಕುವುದು ಐನೂರು ಕಿಲೋಮೀಟರಿಗೂ ಆಚೆಯ ಮಹಾನಗರದಲ್ಲಿ. ದೇಶದೊಳಗಿನ ಮಾತು ಹೊರದೇಶ ಸುತ್ತಿ ಬರಬಾರದೆಂದು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಕೇಂದ್ರಗಳ ಸಂಸ್ಥೆ ಹುಟ್ಟಿತು, ಮಾತು ಸಿಂಗಪುರ ಸುತ್ತದೆ ದೇಶದೊಳಗೇ ತಿರುಗಲು ದಾರಿಯಾಯಿತು. ಅದೇ ಕೆಲಸ ಕಾರವಾರದಲ್ಲೇ ನಡೆದು ಈ ಎರಡು ಕಂಪನಿಗಳು ಅಲ್ಲೇ ಭೇಟಿಯಾದರೆ ನಿಮ್ಮ ಪ್ಯಾಕೆಟ್ಟು ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಅದನ್ನು ಮಾಡಿಸುವ ಗುಂಡಿ ನಿನ್ನ ರೂಟರಿನಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ.

"41 ಸಾಕು ಮಾವ," ಎಂದು ಅವನು ಹೆಡ್‌ಸೆಟ್ ಏರಿಸಿಕೊಳ್ಳುತ್ತಾನೆ. ಕೋಡಿಬಾಗದವನು ಆಗಲೇ ಚೆಂಡು ಒದ್ದಾಗಿದೆ.